ಅಮೃತಸರದಲ್ಲಿ ತಗೊಂಡ ಗುಟ್ಕಾ: ಮೂಲಕ್ಕೆ ಐದು ಸ್ಟಾರ್, ಅರ್ಥಕ್ಕೆ ಎರಡೇ

ಮೊದ್ಲೇ ಹೇಳಿಬಿಡ್ತೀನಿ, ಇದು ಆ ಗುಟ್ಕಾ ಅಲ್ಲ. ಅಮೃತಸರದಿಂದ ಅಮ್ಮಂಗೆ ಫೋನ್ ಮಾಡಿ "ಗೋಲ್ಡನ್ ಟೆಂಪಲ್ ಹೊರಗಡೆ ಒಂದು ಗುಟ್ಕಾ ತಗೊಂಡೆ ಅಮ್ಮ, ತುಂಬಾ ಚೆನ್ನಾಗಿದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಶುರುವಾಯ್ತು ನೋಡಿ, "ನಿಮ್ಮಪ್ಪನ ಹೊಗೆಸೊಪ್ಪು ಬಿಡಿಸೋಕೆ ನಂಗೆ ಇಪ್ಪತ್ತು ವರ್ಷ ಹಿಡೀತು, ಈಗ ನೀನು ಹಚ್ಕೊಂಡ್ಯಾ, ಅದೂ ದೇವಸ್ಥಾನದ ಬಾಗಿಲಲ್ಲಿ" ಅಂತ. ಸಿಖ್ಖರು ಗುಟ್ಕಾ ಅನ್ನೋದು ಪ್ರಾರ್ಥನೆ ಪುಸ್ತಕಕ್ಕೆ, ಅಂಗೈಯಲ್ಲಿ ಹಿಡಿಯೋ ಅಂಥ ಚಿಕ್ಕ ಪುಸ್ತಕ, ಗೌರವದಿಂದ ಕರೆಯೋವಾಗ ಗುಟ್ಕಾ ಸಾಹಿಬ್. ಅಮೃತ ತಗೊಂಡ, ಅಂದ್ರೆ ದೀಕ್ಷೆ ಪಡೆದ ಸಿಖ್ಖರು ತಂಬಾಕು ಮುಟ್ಟೋ ಹಾಗೇ ಇಲ್ಲ, ಅಂಥವರ ಪುಸ್ತಕಕ್ಕೆ ನಮ್ಮೂರಲ್ಲಿ ಈ ಗತಿ. ಇದನ್ನ ಅಮ್ಮಂಗೆ ಬಿಡಿಸಿ ಹೇಳೋಷ್ಟರಲ್ಲಿ ನನ್ನ ಫೋನ್ ಚಾರ್ಜ್ ಮುಗೀತು.

ನಾನು ತಗೊಂಡಿದ್ದು ನಿತ್ನೇಮ್ ಗುಟ್ಕಾ. ನಿತ್ಯ ನೇಮ ಅಂತ, ನಮಗೆ ಬಿಡಿಸಿ ಹೇಳಬೇಕಾಗೇ ಇಲ್ಲ. ಬೆಳಗ್ಗೆ ಹೇಳೋ ಜಪ್‌ಜಿ, ಜಾಪ್, ಸವಯ್ಯೆ, ಚೌಪಾಯಿ, ಆನಂದ್ ಸಾಹಿಬ್, ಸಂಜೆ ರೆಹರಾಸ್, ಮಲಗೋ ಮುಂಚೆ ಸೋಹಿಲಾ, ಕೊನೆಗೆ ಅರ್ದಾಸ್. ಎಡಗಡೆ ಪುಟದಲ್ಲಿ ಮೂಲ, ಪಂಜಾಬಿಯ ಗುರುಮುಖಿ ಲಿಪಿ ಓದೋಕೆ ಬರದೇ ಇರೋ ನನ್ನಂಥವರಿಗೆ ದೇವನಾಗರಿ ಲಿಪಿಯಲ್ಲಿ, ಬಲಗಡೆ ಹಿಂದಿ ಅರ್ಥ. ನೂರಾ ಇಪ್ಪತ್ತು ರೂಪಾಯಿ. ಹಿಂದುಗಡೆ ಬೆಲೆ ಅಂತ ಬರೆದಿಲ್ಲ, "ಭೇಟಾ" ಅಂತ ಬರೆದಿದಾರೆ, ಅಂದ್ರೆ ಕಾಣಿಕೆ. ಚೌಕಾಸಿ ಮಾಡೋಕೆ ಬಾಯಿ ತೆಗೆದಿದ್ದೆ, ಆ ಪದ ನೋಡಿ ಮುಚ್ಕೊಂಡೆ.

ಕೊಳ್ಳೋ ಅನುಭವಕ್ಕೆ ಮಾತ್ರ ಫುಲ್ ಮಾರ್ಕ್ಸ್. ದರ್ಬಾರ್ ಸಾಹಿಬ್, ಅಂದ್ರೆ ಅದೇ ಗೋಲ್ಡನ್ ಟೆಂಪಲ್, ಅದರ ಸುತ್ತ ಇರೋ ಬಜಾರಲ್ಲಿ ಇಂಥ ಅಂಗಡಿಗಳು ಸಾಲಾಗಿವೆ, ಕೈಗೆ ಹಾಕೋ ಕಡಾ, ಕಂಗಾ ಅನ್ನೋ ಬಾಚಣಿಗೆ, ಕಿರ್ಪಾಣ್ ಅನ್ನೋ ಚಿಕ್ಕ ಕತ್ತಿ, ಬಣ್ಣಬಣ್ಣದ ರುಮಾಲಾ ಬಟ್ಟೆ, ಮಧ್ಯದಲ್ಲಿ ಗಾಜಿನ ಬೀರುವಿನಲ್ಲಿ ಗುಟ್ಕಾಗಳು. ನಾನು ಸೀದಾ ಕೈ ಹಾಕೋಕೆ ಹೋದೆ. ಅಂಗಡಿಯವರು ಮೆತ್ತಗೆ ತಡೆದು ಮೊದ್ಲು ತಲೆ ಮುಚ್ಕೊಳ್ಳಿ ಅಂದ್ರು, ಕೇಸರಿ ಬಟ್ಟೆ ಕೊಟ್ರು, ಆಗಷ್ಟೇ ಬೀದಿಯಲ್ಲಿ ಕುಲ್ಚಾ ತಿಂದಿದ್ದ ಕೈ ನೋಡಿ ನಲ್ಲಿ ಕಡೆ ಬೆರಳು ತೋರಿಸಿದ್ರು. ಕೈ ತೊಳ್ಕೊಂಡು ಬಂದಮೇಲೆ ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಮುಟ್ಟಿಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ರು. ಪ್ಯಾಂಟ್ ಜೇಬಲ್ಲಿ ಇಡಬೇಡಿ, ನೆಲದ ಮೇಲೆ ಇಡಬೇಡಿ, ಬ್ಯಾಗಲ್ಲಿ ಚಪ್ಪಲಿ ಇದ್ರೆ ಅದ್ರ ಜೊತೆ ಇಡಬೇಡಿ, ಅಂತ ಮೂರು ಮಾತು. ಇಷ್ಟು ಮರ್ಯಾದೆಯಿಂದ ನಂಗೆ ಯಾರೂ ಯಾವತ್ತೂ ಒಂದು ಪುಸ್ತಕ ಮಾರಿಲ್ಲ.

ಪ್ರಿಂಟ್ ಚೆನ್ನಾಗಿದೆ, ಮೂಲದ ಅಕ್ಷರ ದಪ್ಪ, ಕನ್ನಡಕ ಇಲ್ದೇನೂ ಓದಬಹುದು. ಅರ್ಥದ ಅಕ್ಷರ ಸಣ್ಣ. ರಟ್ಟು ಗಟ್ಟಿ, ಹಾಳೆ ತೆಳು, ಹಿಂದಿನ ಪುಟದ ಅಕ್ಷರ ಸ್ವಲ್ಪ ಇಣುಕುತ್ತೆ. ಕೆಂಪು ರಿಬ್ಬನ್ ಒಂದಿದೆ. ಇಷ್ಟು ಸಾಕು, ನಾನು ಬರೆಯೋಕೆ ಕೂತಿದ್ದು ಅರ್ಥದ ಬಗ್ಗೆ.

ಮೂರು ದಿನ ಅಲ್ಲೇ ಯಾತ್ರಿ ನಿವಾಸದಲ್ಲಿ ಇದ್ದೆ. ಬೆಳಗಿನ ಜಾವ ಎದ್ದು ಸರೋವರದ ಸುತ್ತ ಇರೋ ಪರಿಕ್ರಮದಲ್ಲಿ, ಕಂಬಕ್ಕೆ ಒರಗಿ, ಪುಸ್ತಕ ಬಿಚ್ಚಿ ಕೂತ್ಕೊಳ್ತಿದ್ದೆ. ಒಳಗಿಂದ ಕೀರ್ತನೆ ಸ್ಪೀಕರಲ್ಲಿ ಬರ್ತಾ ಇರುತ್ತೆ, ಅಮೃತಶಿಲೆ ತಣ್ಣಗೆ, ಯಾರೋ ಸೇವೆ ಮಾಡೋರು ನೀರು ಹಾಕಿ ನೆಲ ಒರೆಸ್ಕೊಂಡು ಹೋಗ್ತಾರೆ, ನಾವು ಕಾಲು ಎತ್ತಬೇಕು. ಮೊದಲ ದಿನ ಮೊದಲ ಪುಟ ತೆಗೆದು ಕನ್ನಡದವನ ಅಭ್ಯಾಸದಂತೆ ಬರೆದಿದ್ದೆಲ್ಲಾ ಬಾಯಿಬಿಟ್ಟು ಓದಿದೆ, "ಸತಿ ನಾಮು ಕರತಾ ಪುರಖು ನಿರಭಉ ನಿರವೈರು". ಪಕ್ಕದಲ್ಲಿ ಬಿಳಿ ಗಡ್ಡದ ಒಬ್ಬ ಬಾಪೂಜಿ ಕೂತಿದ್ರು, ತರನ್ ತಾರನ್ ಕಡೆ ರೈತರು. ಕಣ್ಣು ಮುಚ್ಚಿಕೊಂಡೇ ನಕ್ಕು, "ಪುತ್ತರ್, ಕೊನೇ ಇ, ಉ ಎಲ್ಲಾ ಬರಿಯೋಕೆ ಮಾತ್ರ, ಬಾಯಲ್ಲಿ ಬರಲ್ಲ. ಸತ್ ನಾಮ್" ಅಂದ್ರು. ಅಲ್ಲ ಸ್ವಾಮಿ, ನಮ್ಮ ಭಾಷೆಯಲ್ಲಿ ಸತಿ ಅಂದ್ರೆ ಹೆಂಡ್ತಿ, ನಾನು ಆವರೆಗೂ ಹೆಂಡ್ತಿ ಹೆಸರು ಜಪ ಮಾಡ್ತಾ ಕೂತಿದ್ದೆ. ಇದು ಪುಸ್ತಕದ ಮೊದಲ ಕೊರತೆ, ಉಚ್ಚಾರಣೆ ಬಗ್ಗೆ ಮುನ್ನುಡಿಯಲ್ಲಿ ಅರ್ಧ ಪುಟ ಬರೆದಿದ್ರೂ ಸಾಕಿತ್ತು. ದೇವನಾಗರಿ ಆವೃತ್ತಿ ಕೊಳ್ಳೋರೆಲ್ಲ ಹೊರಗಿನವರೇ ಅಲ್ವಾ.

ಆ ಬಾಪೂಜಿ ಜೊತೆ ಮೂರೂ ದಿನ ಬೆಳಗ್ಗೆ ಕೂತೆ, ಅವರ ಪಂಜಾಬಿ ಹಿಂದಿ, ನನ್ನ ಬೆಂಗಳೂರು ಹಿಂದಿ. ಯಾವ ರಾಜ್ಯ ಅಂತ ಕೇಳಿದ್ರು, ಕರ್ನಾಟಕ ಅಂದ್ರೆ ಗೊತ್ತಾಗ್ಲಿಲ್ಲ, ಬೀದರ್ ಅಂದೆ ನೋಡಿ, ನನ್ನ ಮೊಣಕಾಲು ಹಿಡ್ಕೊಂಡ್ರು. "ಭಾಯಿ ಸಾಹಿಬ್ ಸಿಂಗ್ ಜೀ ಊರು!" 1699ರ ವೈಶಾಖಿ ದಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ತಲೆ ಕೊಡೋರು ಯಾರಿದೀರಿ ಅಂತ ಕೇಳಿದಾಗ ಎದ್ದು ನಿಂತ ಐದು ಜನರಲ್ಲಿ ಒಬ್ಬರು ಬೀದರಿನವರು, ಕ್ಷೌರಿಕರ ಮನೆಯವರು. ಬೀದರಿನ ಗುರುದ್ವಾರ ನಾನಕ್ ಝೀರಾ ಹೆಸರನ್ನೂ ಅವರೇ ಹೇಳಿದ್ರು. ನಾನು ಬೀದರಿಗೆ ಒಂದೇ ಸಲ ಹೋಗಿರೋದು, ಅದೂ ಕೋಟೆ ನೋಡೋಕೆ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು.

ಈಗ ಅರ್ಥದ ತಕರಾರಿಗೆ ಬರ್ತೀನಿ. ಬಲಗಡೆ ಪುಟ ಪೂರ್ತಿ ಒಂದೇ ಪದ, ಪ್ರಭು. ಎಡಗಡೆ ಹರಿ ಇದ್ರೂ ಪ್ರಭು, ಸಾಹಿಬ್ ಇದ್ರೂ ಪ್ರಭು, ನಿರಂಕಾರ್ ಇದ್ರೂ ಪ್ರಭು, ಠಾಕುರ್ ಇದ್ರೂ ಪ್ರಭು, ಕರತಾ ಇದ್ರೂ ಪ್ರಭು. ಮೊದಮೊದಲು ಗಮನಕ್ಕೆ ಬರಲಿಲ್ಲ, ನಾನು ಅರ್ಥ ಮಾತ್ರ ಓದ್ತಿದ್ದೆ, ಏನಪ್ಪಾ ಇದು ಹೇಳಿದ್ದೇ ಹೇಳ್ತಾರಲ್ಲ ಅನ್ನಿಸ್ತಿತ್ತು. ಎಡಗಡೆ ಪುಟಕ್ಕೆ ಕಣ್ಣು ಹಾಯಿಸಿದಮೇಲೆ ಗೊತ್ತಾಯ್ತು ಹೇಳಿದ್ದೇ ಹೇಳಿರೋದು ಅನುವಾದ ಮಾಡಿದವರು, ಗುರುಗಳಲ್ಲ. ಅಮ್ಮ ದಿನಾ ವಿಷ್ಣು ಸಹಸ್ರನಾಮ ಹೇಳ್ತಾಳೆ. ಅದಕ್ಕೆ ಯಾರಾದ್ರೂ ಕನ್ನಡ ಅರ್ಥ ಬರೆದು, ವಿಶ್ವಂ ಅಂದ್ರೆ ದೇವರು, ವಷಟ್ಕಾರ ಅಂದ್ರೆ ದೇವರು, ಅಚ್ಯುತ ಅಂದ್ರೆ ದೇವರು, ಅಂತ ಸಾವಿರ ಸಲ ಪ್ರಿಂಟ್ ಮಾಡಿದ್ರೆ ಆ ಪುಸ್ತಕಕ್ಕೆ ಎಷ್ಟು ಸ್ಟಾರ್ ಕೊಡ್ತೀರಿ? ಪ್ರಭು ಅನ್ನೋದು ತಪ್ಪು ಪದ ಅಲ್ಲ, ಗುರುಬಾಣಿಯಲ್ಲೇ, ಅಂದ್ರೆ ಗುರುಗಳ ವಾಣಿಯಲ್ಲೇ, ಪ್ರಭ್ ಅಂತ ಬೇಕಾದಷ್ಟು ಕಡೆ ಬರುತ್ತೆ. ಆದ್ರೆ ಅದು ನೂರಾರಲ್ಲಿ ಒಂದು.

ಮೊದಲ ಅಕ್ಷರದಿಂದಲೇ ಶುರು ಮಾಡೋಣ. ಜಪ್‌ಜಿಯ ಶುರುವಲ್ಲೇ ಬರೋ ಮೂಲ ಮಂತ್ರ ಅಕ್ಷರದಿಂದ ಶುರುವಾಗೋದೇ ಇಲ್ಲ, ಅಂಕಿಯಿಂದ ಶುರುವಾಗುತ್ತೆ. 1 ಅಂತ ಬರೆದು, ಅದರ ಪಕ್ಕ ಓ ಅಕ್ಷರ, ಅದರ ಮೇಲೊಂದು ಉದ್ದ ಬಳುಕಿದ ಗೆರೆ. ಓದೋದು ಇಕ್ ಓಂಕಾರ್. ಒಂದು ಅಂತ ಪದದಲ್ಲಿ ಬರೆದ್ರೆ ಅದನ್ನ ಎಳೆದಾಡಬಹುದು, ಒಬ್ಬನೇ, ಒಂದೇ, ಒಬ್ಬಳು, ಮೊದಲನೆಯವನು ಅಂತ. ಅಂಕಿಗೆ ಲಿಂಗ ಇಲ್ಲ, ವಿಭಕ್ತಿ ಇಲ್ಲ, ಯಾವ ಭಾಷೆಯವನು ನೋಡಿದ್ರೂ ಅದು ಅದೇ. ಇದು ಬಾಪೂಜಿ ಹೇಳಿದ್ದಲ್ಲ, ನಂಗೇ ಅಲ್ಲಿ ಕೂತು ಹೊಳೆದಿದ್ದು, ಸರಿ ಅನ್ಸುತ್ತೆ. ಪುಸ್ತಕದಲ್ಲಿ ಅರ್ಥ ಏನು ಗೊತ್ತಾ, "ಪ್ರಭು ಏಕ್ ಹೈ". ಮುಗೀತು.

ಅಲ್ಲಿಂದ ಮುಂದೆ ಸಾಲಾಗಿ ಬರೋದೆಲ್ಲ ಹೆಸರೂ ಹೌದು ಗುಣವೂ ಹೌದು. ಸತ್ ನಾಮ್, ಯಾರ ಹೆಸರು ಸತ್ಯವೋ ಅದು. ಕರ್ತಾ ಪುರಖ್, ಮಾಡಿದವನು, ಪುರಖ್ ಅಂದ್ರೆ ನಮ್ಮ ಪುರುಷ ಪದವೇ. ನಿರ್ಭೌ, ಭಯ ಇಲ್ಲದ್ದು. ನಿರ್ವೈರ್, ವೈರ ಇಲ್ಲದ್ದು. ಅಕಾಲ್ ಮೂರತ್, ಕಾಲಕ್ಕೆ ಸಿಗದ ರೂಪ. ಅಜೂನೀ, ಯಾವ ಯೋನಿಯಿಂದಲೂ ಹುಟ್ಟಿ ಬರದೇ ಇರೋದು. ಸೈಭಂ. ಇಲ್ಲಿ ನಾನು ನಿಂತುಬಿಟ್ಟೆ, ಇದೇನಿದು ಅಂತ. ಬಾಪೂಜಿ "ತನ್ನಷ್ಟಕ್ಕೆ ತಾನೇ ಆದದ್ದು" ಅಂದ್ರು. ಅಯ್ಯೋ ಇದು ಸ್ವಯಂಭೂ! ನಮ್ಮೂರಲ್ಲಿ ಪ್ರತಿ ಹತ್ತು ಕಿಲೋಮೀಟರಿಗೊಂದು ಸ್ವಯಂಭೂ ಲಿಂಗ, ಸ್ವಯಂಭೂ ಗಣಪತಿ ಇದೆ, ಪಂಜಾಬಿ ನಾಲಿಗೆ ಮೇಲೆ ಸವೆದು ಸವೆದು ಸೈಭಂ ಆಗಿದೆ, ನಂಗೆ ಗುರುತೇ ಸಿಗಲಿಲ್ಲ.

ಆಮೇಲೆ ಸಾಹಿಬ್. ನಮ್ಮಲ್ಲಿ ಸಾಹೇಬ್ರು ಅಂದ್ರೆ ತಾಲ್ಲೂಕ್ ಆಫೀಸಲ್ಲಿ ಸಹಿ ಹಾಕೋರು, ಮಧ್ಯಾಹ್ನ ಊಟಕ್ಕೆ ಹೋದ್ರೆ ನಾಲ್ಕು ಗಂಟೆಗೆ ಬರೋರು. ಅರಬ್ಬಿಯಿಂದ ಬಂದ ಈ ಪದ ಜಪ್‌ಜಿಯಲ್ಲಿ ದೇವರ ಹೆಸರು, "ಸಾಚಾ ಸಾಹಿಬ್". ದೊಡ್ಡ ಸಾಹೇಬ್ರು ಊರೂರಲ್ಲಿ ದರ್ಬಾರು ನಡೆಸ್ತಿದ್ದ ಕಾಲದಲ್ಲಿ ನಿಜವಾದ ಸಾಹೇಬ ಅವನೊಬ್ಬನೇ ಅನ್ನೋದು ಸಣ್ಣ ಮಾತಲ್ಲ. ಸಚ್ಚಾ ಪಾತ್‌ಶಾಹ್ ಅಂತಲೂ ಕರೀತಾರೆ, ನಿಜವಾದ ಬಾದಶಾಹ. ಅದೇ ಜಪ್‌ಜಿಯಲ್ಲಿ ಪದ್ಯದ ಕೊನೆಗೆ ಪಲ್ಲವಿ ಥರ ಬರೋ ಒಂದು ಸಾಲಿದೆ, "ತೂ ಸದಾ ಸಲಾಮತ್ ನಿರಂಕಾರ್". ಸಲಾಮತ್ ಅರಬ್ಬಿ, ನಿರಂಕಾರ್ ಅಂದ್ರೆ ನಮ್ಮ ನಿರಾಕಾರ, ಸಂಸ್ಕೃತ. ಬಾದಶಾಹನಿಗೆ ನೂರ್ಕಾಲ ಬಾಳಿ ಅಂತ ಹೇಳೋ ದರ್ಬಾರಿ ಮಾತನ್ನ ತಂದು ಆಕಾರವೇ ಇಲ್ಲದವನಿಗೆ ಹೇಳಿದಾರೆ. ನಾಲ್ಕೇ ಪದ, ನಾನು ಇದನ್ನ ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ಬಲಗಡೆ ಪುಟ, "ಹೇ ಪ್ರಭು, ಆಪ್ ಸದಾ ಹೈ".

ಇನ್ನು ಜಾಪ್ ಸಾಹಿಬ್. ಗುರು ಗೋಬಿಂದ್ ಸಿಂಗರದ್ದು, 199 ಪದ್ಯ, ಪೂರ್ತಿ ಹೆಸರುಗಳೇ. ಓಟ ಹೇಗಿದೆ ಅಂದ್ರೆ ಕುದುರೆ ಮೇಲೆ ಕೂತು ಹೇಳಿದ ಹಾಗೆ, ನಿಧಾನಕ್ಕೆ ಓದೋಕೆ ಆಗೋದೇ ಇಲ್ಲ. ಮೊದಲ ಪದ್ಯದಲ್ಲೇ ಕೇಳಿಬಿಡ್ತಾರೆ, ನಿನ್ನ ಎಲ್ಲಾ ಹೆಸರನ್ನ ಯಾರು ಹೇಳಿಯಾರು, ತಿಳಿದವರು ನಿನ್ನ ಕೆಲಸ ನೋಡಿ ಹೆಸರಿಡ್ತಾರೆ ಅಂತ. ಕರ್ಮ ನಾಮ ಅನ್ನೋದು ಅಲ್ಲಿನ ಪದ. ನಮ್ಮೂರಲ್ಲಿ ಜನ ಅಡ್ಡಹೆಸರು ಇಡೋದೂ ಹೀಗೇ ತಾನೆ, ಮಾಡೋ ಕೆಲಸ ನೋಡಿ. ಮೊದಲು ಇಲ್ಲ ಇಲ್ಲ ಅನ್ನೋ ಹೆಸರುಗಳು, ಅಕಾಲ, ಅರೂಪ, ಅನೂಪ, ಕೊನೆಗೆ ಅನಾಮ, ಹೆಸರೇ ಇಲ್ಲದವನಿಗೆ ನಮಸ್ಕಾರ. ಹೆಸರಿನ ಪಟ್ಟಿಯಲ್ಲಿ ಹೆಸರಿಲ್ಲ ಅನ್ನೋದೂ ಒಂದು ಹೆಸರು! ಆಮೇಲೆ ಮೈ ಜುಂ ಅನ್ನೋ ಥರದವು. ಲೋಕ ಮಾತಾ, ಅಂದ್ರೆ ಇಲ್ಲಿ ಅಮ್ಮನೂ ಅವನೇ. ಅಂಧಕಾರಕ್ಕೂ ನಮೋ, ತೇಜದ ತೇಜಕ್ಕೂ ನಮೋ. ಕಲಹ ಮಾಡಿಸೋನಿಗೂ ನಮೋ, ಶಾಂತ ರೂಪಕ್ಕೂ ನಮೋ. ಇದ್ದಕ್ಕಿದ್ದ ಹಾಗೆ ಭಾಷೆ ತಿರುಗಿ ಪಾರ್ಸಿ ಅರಬ್ಬಿ ಶುರುವಾಗುತ್ತೆ, ರಾಜಕ್ ರಹೀಮ್ ಅಂತ, ಅನ್ನ ಕೊಡೋನು, ಕರುಣೆ ಇರೋನು. ಮೊಘಲರ ಜೊತೆ ಯುದ್ಧ ಮಾಡಿ ಮಕ್ಕಳನ್ನ ಕಳ್ಕೊಂಡ ಮನುಷ್ಯನ ಬಾಯಲ್ಲಿ ದೇವರಿಗೆ ರಹೀಮ್ ಅನ್ನೋ ಹೆಸರಿದೆ, ಇದನ್ನ ಅನುವಾದದಲ್ಲಿ ಮುಚ್ಚಿಟ್ರೆ ಹೇಗೆ? ಚೌಪಾಯಿಯಲ್ಲಿ ಅಸಿಧುಜ್, ಖಡಗ್‌ಕೇತ್ ಅಂತ ಬರುತ್ತೆ, ಕತ್ತಿಯೇ ಬಾವುಟ ಆಗಿರೋನು. ಗರುಡಧ್ವಜ, ಕಪಿಧ್ವಜ ಕೇಳಿ ಬೆಳೆದ ನಮಗೆ ಅಸಿಧ್ವಜ ಅಂದ್ರೆ ತಕ್ಷಣ ಚಿತ್ರ ಬರುತ್ತೆ. ಅದಕ್ಕೂ ಪ್ರಭು. ಕತ್ತಿ ಎಲ್ಲಿ ಹೋಯ್ತು ಸ್ವಾಮಿ?

ಆದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಸೋಹಿಲಾ ಪುಟದಲ್ಲಿ. ಇದನ್ನ ರಾತ್ರಿ ಮಲಗೋ ಮುಂಚೆ ಹೇಳ್ತಾರೆ, ಯಾರಾದ್ರೂ ತೀರ್ಕೊಂಡಾಗ ಅಂತ್ಯಸಂಸ್ಕಾರದಲ್ಲೂ ಹೇಳ್ತಾರೆ. ಸೋಹಿಲಾ ಅಂದ್ರೆ ಮದುವೆ ಮನೆಯಲ್ಲಿ ಹೆಂಗಸರು ಹಾಡೋ ಹಾಡು, ನಮ್ಮ ಸೋಬಾನೆ ಪದದ ಹಾಗೆ. ಗುರು ನಾನಕರ ಆ ಪದ್ಯದಲ್ಲಿ ಮುಹೂರ್ತ ಬರೆದಾಗಿದೆ, ಎಲ್ರೂ ಸೇರಿ ಎಣ್ಣೆ ಹಾಕಿ, ಸಾಹಿಬನ ಜೊತೆ ನಾನು ಸೇರೋ ಹಾಗೆ ಹರಸಿ ಅಂತ ಬರುತ್ತೆ. ನಮ್ಮ ಎಣ್ಣೆ ಶಾಸ್ತ್ರ! ಹೊಸ್ತಿಲಿಗೆ ಎಣ್ಣೆ ಬಿಡೋ ಶಾಸ್ತ್ರ ಅಂತ ಬಾಪೂಜಿ ಕೈಯಲ್ಲಿ ಸುರಿದು ತೋರಿಸಿದ್ರು, ನಮ್ಮಲ್ಲಿ ತಲೆಗೆ ಹಚ್ಚೋದು ಅಂದೆ, ಇಬ್ರೂ ನಕ್ವಿ. ಅಂದ್ರೆ ಸಾವು ಮದುವೆ ದಿಬ್ಬಣ, ಸಾಹಿಬ್ ಮದುವೆ ಗಂಡು. ಆ ಹಾಡು ಯಾರದ್ದು? "ಮೇರೇ ನಿರ್ಭೌ ಕಾ ಸೋಹಿಲಾ", ನನ್ನ ನಿರ್ಭಯನ ಹಾಡು. ಸಾಯೋ ಹೊತ್ತಲ್ಲಿ ಹೇಳೋ ಹಾಡಲ್ಲಿ ನೂರು ಹೆಸರು ಬಿಟ್ಟು ಭಯ ಇಲ್ಲದವನು ಅನ್ನೋ ಹೆಸರನ್ನೇ ಆರಿಸಿದಾರೆ, ಜೊತೆಗೆ ನನ್ನ ಅಂತ ಸೇರಿಸಿದಾರೆ, ಭಯ ಆಗ್ತಿರೋನು ಹೋಗಿ ಸೇರ್ತಿರೋದು ಭಯ ಇಲ್ಲದವನ ಮನೆಗೆ. ಅಲ್ಲಿ ಪ್ರಭು ಅಂತ ಹಾಕಿದ್ರೆ ಪದ್ಯದ ಜೀವವೇ ಹೋಯ್ತಲ್ಲ. ಪೆನ್ಸಿಲ್ ಇದ್ದಿದ್ರೆ ಹೊಡೆದು ಹಾಕ್ತಿದ್ದೆ, ಆದ್ರೆ ಗುಟ್ಕಾದಲ್ಲಿ ಗೀಚಬಾರ್ದು.

ಎರಡನೇ ದಿನ ಕೀರ್ತನೆ ಕೇಳ್ತಾ ಒಂದು ಪದ ಕಿವಿಗೆ ಬಿತ್ತು. ಬೀಠಲ್. ಮತ್ತೆ ಬೀಠಲ್. ಏನಿದು ಅಂತ ಬಾಪೂಜಿ ಕಡೆ ನೋಡಿದ್ರೆ ಅವರು "ಭಗತ್ ನಾಮದೇವ್ ಜೀ" ಅಂದ್ರು. ನಮ್ಮ ವಿಠಲ! ಪಂಢರಪುರದ ವಿಠಲ ಅಮೃತಸರದ ಸರೋವರದ ಮೇಲೆ! ನಾಮದೇವರ 61 ಪದಗಳು ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬಲ್ಲಿ ಇವೆ, ಗುರುದಾಸಪುರ ಜಿಲ್ಲೆಯ ಘುಮಾನ್ ಅನ್ನೋ ಊರಲ್ಲಿ ಅವರು ಇದ್ರು ಅಂತ ಅಲ್ಲಿಯವರು ನಂಬ್ತಾರೆ. ಇಲ್ಲೂ ವಿಠಲ, ಅಲ್ಲೂ ವಿಠಲ, ವಿಠಲ ಇಲ್ಲದೆ ಸಂಸಾರವೇ ಇಲ್ಲ, ಅನ್ನೋದು ಆ ಪದದ ಮಾತು. ಪುರಂದರ ವಿಠಲ, ವಿಜಯ ವಿಠಲ ಅಂತ ದಾಸರ ಅಂಕಿತ ಕೇಳ್ಕೊಂಡು ಬೆಳೆದವನಿಗೆ ಅಲ್ಲಿ ಹೇಗಾಗಿರಬೇಡ, ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆದ್ರೆ ಇಟ್ಟಿಗೆ ಮೇಲೆ ಸೊಂಟಕ್ಕೆ ಕೈ ಇಟ್ಕೊಂಡು ನಿಂತ ವಿಠಲ ಅಲ್ಲ ಇದು. ಎಲ್ಲಾ ಕಡೆ ಇರೋ, ಒಂದು ಕಡೆ ನಿಲ್ಲದ ವಿಠಲ.

ಇಲ್ಲೇ ಸ್ವಲ್ಪ ಹುಷಾರಾಗಿರಬೇಕು. ಹರಿ, ರಾಮ, ಗೋಬಿಂದ್, ಗೋಪಾಲ್, ಮುರಾರಿ ಎಲ್ಲಾ ಕೇಳಿ ನಾನು ಖುಷಿಯಲ್ಲಿ "ಓ ನಮ್ಮ ದೇವ್ರೇ" ಅಂದುಬಿಟ್ಟೆ. ಗುರು ಗ್ರಂಥದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರೋ ಹೆಸರು ಹರಿ, ಆ ಮಂದಿರದ ಹೆಸರೇ ಹರಿಮಂದಿರ್. ಬಾಪೂಜಿ ಬೇಜಾರು ಮಾಡ್ಕೊಳ್ಳಲಿಲ್ಲ, ಆದ್ರೆ ಅಜೂನೀ ಪದದ ಮೇಲೆ ಬೆರಳಿಟ್ಟು ತೋರಿಸಿದ್ರು. ದಶರಥನ ಮಗ ಹುಟ್ಟಿದ, ದೇವಕಿ ಮಗ ಹುಟ್ಟಿದ, ಇವನು ಹುಟ್ಟಲ್ಲ. ಠಾಕುರ್ ಯೋನಿಯಲ್ಲಿ ಹುಟ್ಟಿದ ಅನ್ನೋ ಬಾಯಿ ಸುಟ್ಟುಹೋಗಲಿ ಅಂತ ಐದನೇ ಗುರು ಅರ್ಜನರು ಒಂದು ಕಡೆ ನೇರವಾಗೇ ಹೇಳಿದಾರೆ. ಆದ್ರೆ ಅದೇ ಗುರು ಅರ್ಜನರು ಮಾರೂ ರಾಗದ ಒಂದು ಪದದಲ್ಲಿ ಅಚ್ಯುತ, ಪಾರಬ್ರಹ್ಮ, ಪರಮೇಸುರ, ಅಂತರಜಾಮಿ, ಮಧುಸೂದನ, ದಾಮೋದರ, ರಿಖಿಕೇಸ ಅಂತ ಉದ್ದಕ್ಕೆ ಹೇಳ್ತಾ ಹೋಗ್ತಾರೆ. ಬಾಪೂಜಿ ಅದನ್ನ ಬಾಯಿಪಾಠ ಹೇಳಿದಾಗ ನಂಗೆ ನಮ್ಮಜ್ಜ ಸಂಧ್ಯಾವಂದನೆ ಮಾಡುವಾಗ ಕೇಶವ ನಾರಾಯಣ ಅಂತ ಇಪ್ಪತ್ನಾಲ್ಕು ಹೆಸರು ಹೇಳ್ತಿದ್ದ ದನಿ ನೆನಪಾಯ್ತು. ಆ ಪದದ ಕೊನೇಲಿ ಏನಂತಾರೆ ಅಂದ್ರೆ ಇವೆಲ್ಲ ಕಿರ್ತಮ್ ನಾಮ್, ನಾಲಿಗೆ ಮಾಡಿಕೊಂಡ ಹೆಸರುಗಳು, ಎಲ್ಲಕ್ಕಿಂತ ಮುಂಚಿನಿಂದ ಇರೋ ಹೆಸರು ಸತ್ ನಾಮ್ ಒಂದೇ ಅಂತ. ಎಲ್ಲಾ ಹೆಸರಲ್ಲೂ ಪ್ರೀತಿಯಿಂದ ಕರೆದು ಆಮೇಲೆ ಇದ್ಯಾವುದೂ ಪೂರ್ತಿ ಅಲ್ಲ ಅಂತ ಹೇಳೋದಿದೆಯಲ್ಲ, ಅದಕ್ಕೆ ಮೊದ್ಲು ಎಲ್ಲಾ ಹೆಸರೂ ಕಿವಿಗೆ ಬೀಳಬೇಕು. ಒಂದೇ ಪದ ಹಾಕಿಬಿಟ್ರೆ ಅಲ್ಲಗಳೆಯೋಕೆ ಏನುಳೀತು?

ಅಲ್ಲಾಹ್, ಖುದಾ ಕೂಡ ಅಷ್ಟೇ ಸಲೀಸಾಗಿ ಬರುತ್ತೆ. ಕೆಲವರು ರಾಮ ರಾಮ ಅಂತಾರೆ ಕೆಲವರು ಖುದಾ ಅಂತಾರೆ, ಕೆಲವರು ಗುಸಾಯಿ ಸೇವೆ ಮಾಡ್ತಾರೆ ಕೆಲವರು ಅಲ್ಲಾಹ್ ಸೇವೆ ಅಂತ ಗುರು ಅರ್ಜನರ ಇನ್ನೊಂದು ಪದ. ಚಮ್ಮಾರ ರವಿದಾಸರಿಗೆ ಅವನು ಗರೀಬ್ ನಿವಾಜ್, ಬಡವರನ್ನ ಕಾಯೋನು, ತಲೆ ಮೇಲೆ ಕೊಡೆ ಹಿಡಿಸಿ ಮೆರೆಸೋನು. ಅವರವರ ಬದುಕಿಂದ ಬಂದ ಹೆಸರುಗಳು.

ವಾಹೆಗುರು ಬಗ್ಗೆ ಹೇಳದಿದ್ರೆ ಆಗುತ್ತಾ. ಲಂಗರ್ ಹಾಲಲ್ಲಿ, ಅಂದ್ರೆ ಎಲ್ರಿಗೂ ಊಟ ಹಾಕೋ ಕಡೆ, ಸಾಲಾಗಿ ಕೂತಾಗ ರೊಟ್ಟಿ ಬಡಿಸೋ ಹುಡುಗ "ಪರ್ಶಾದಾ ವಾಹೆಗುರು" ಅಂತ ಬರ್ತಾನೆ, ಎರಡೂ ಕೈ ಚಾಚಬೇಕು, ನಾನು ಒಂದೇ ಕೈ ಚಾಚಿದೆ, ಅವನು ರೊಟ್ಟಿ ಹಿಡ್ಕೊಂಡು ಸುಮ್ನೆ ನಿಂತ, ಇನ್ನೊಂದು ಕೈ ಬಂದಮೇಲೆ ಹಾಕಿದ. ಪಾತ್ರೆ ತೊಳೆಯೋ ಕಡೆ ತಟ್ಟೆಗಳ ಗಲಗಲ ಸದ್ದಿನ ಮಧ್ಯೆನೂ ಅದೇ, ಮಂಡಿ ನೋವಿಗೆ ಏಳುವಾಗ ಬಾಪೂಜಿ ಬಾಯಲ್ಲೂ ಅದೇ, ನಮ್ಮ ಅಮ್ಮ "ರಾಮ ರಾಮ" ಅಂದು ಏಳ್ತಾಳಲ್ಲ ಹಾಗೆ. ಇಷ್ಟು ಬಳಕೆಯಲ್ಲಿರೋ ಹೆಸರು ಗುರುಗಳ ಸ್ವಂತ ಪದಗಳಲ್ಲಿ ಈ ರೂಪದಲ್ಲಿ ಸಿಗಲ್ಲ, ಗುರು ಗ್ರಂಥದ ಕೊನೆ ಭಾಗದಲ್ಲಿ ಭಟ್ಟರು ಅನ್ನೋ ಹೊಗಳುಕವಿಗಳ ಸವಯ್ಯೆಗಳಲ್ಲಿ ಬರುತ್ತೆ, ಗಯಂದ್ ಅನ್ನೋ ಭಟ್ಟ ಗುರು ರಾಮದಾಸರನ್ನ ಹೊಗಳ್ತಾ ವಾಹೆಗುರು ವಾಹೆಗುರು ಅಂತಾನೆ. 1604ರಲ್ಲಿ ಗ್ರಂಥವನ್ನ ಕೈಯಾರೆ ಬರೆದುಕೊಟ್ಟ ಭಾಯಿ ಗುರುದಾಸರು ತಮ್ಮ ವಾರ್ ಅನ್ನೋ ಕಾವ್ಯದಲ್ಲಿ ಇದನ್ನ ಬಿಡಿಸಿದಾರೆ, ವ ಅಂದ್ರೆ ವಾಸುದೇವ, ಹ ಅಂದ್ರೆ ಹರಿ, ಗ ಗೋವಿಂದ, ರ ರಾಮ, ನಾಲ್ಕು ಯುಗದ ನಾಲ್ಕು ಹೆಸರು ಸೇರಿ ಒಂದು. ಬಾಪೂಜಿಗೆ ಈ ಲೆಕ್ಕ ಅಷ್ಟು ಹಿಡಿಸಲ್ಲ. "ಅದೆಲ್ಲ ಪಂಡಿತರಿಗೆ. ಸರೋವರದಲ್ಲಿ ಬೆಳಗಿನ ಬಂಗಾರ ನೋಡಿದ್ರೆ ಬಾಯಿಂದ ಏನು ಬರುತ್ತೆ, ವಾಹ್ ಅಂತ ತಾನೆ. ಅಷ್ಟೇ ಅದು" ಅಂದ್ರು. ಆ ಹೊತ್ತಿಗೆ ಸರಿಯಾಗಿ ಬಿಸಿಲು ಹರಿಮಂದಿರದ ಗುಮ್ಮಟಕ್ಕೆ ಬಿದ್ದಿತ್ತು, ನಾನು ವಾದ ಮಾಡೋಕೆ ಹೋಗಲಿಲ್ಲ. ಎದುರುಗಡೆನೇ ಅಕಾಲ್ ತಖ್ತ್, ಕಾಲಕ್ಕೆ ಸಿಗದವನ ಸಿಂಹಾಸನ. ನೀರಿನ ಮೇಲಿನ ಆ ದಾರಿಯಲ್ಲಿ ನಿಂತ್ರೆ ಮುಂದೆ ಹರಿ, ಹಿಂದೆ ಅಕಾಲ, ಎರಡೂ ಒಬ್ಬನದೇ ವಿಳಾಸ.

ಪುಸ್ತಕದ ಕೊನೆಗೆ ಇರೋ ಅರ್ದಾಸ್ ಮಾತ್ರ ಅನುವಾದಕರ ಕೈಗೆ ಪೂರ್ತಿ ಸಿಕ್ಕಿಲ್ಲ, ಪುಣ್ಯಕ್ಕೆ. ಅಲ್ಲಿರೋ ಹೆಸರುಗಳು ಪ್ರಭು ಅಂತ ಮಾಡೋಕೇ ಬರಲ್ಲ. ನಿಮಾಣಿಯಾಂ ದೇ ಮಾಣ್, ನಿತಾಣಿಯಾಂ ದೇ ತಾಣ್, ನಿಓಟಿಯಾಂ ದೀ ಓಟ್. ಮಾನ ಇಲ್ಲದವರ ಮಾನ, ತ್ರಾಣ ಇಲ್ಲದವರ ತ್ರಾಣ, ಆಸರೆ ಇಲ್ಲದವರ ಆಸರೆ. ಇದನ್ನ ಕನ್ನಡಕ್ಕೆ ತಂದ್ರೆ ಹೆಚ್ಚುಕಮ್ಮಿ ಹಾಗೇ ಕೂರುತ್ತೆ ನೋಡಿ, ತಾಣ್ ಅಂದ್ರೆ ನಮ್ಮ ತ್ರಾಣವೇ. ಕನ್ನಡದಲ್ಲಿ ಯಾರಾದ್ರೂ ನಿತ್ನೇಮ್ ಗುಟ್ಕಾ ಮಾಡಿದ್ರೆ ಹಿಂದಿಗಿಂತ ಚೆನ್ನಾಗಿ ಬರುತ್ತೆ ಅನ್ನೋದು ನನ್ನ ನಂಬಿಕೆ. ನಿರ್ಭಯ, ನಿರ್ವೈರ, ಅಕಾಲ, ನಿರಂಜನ, ಸ್ವಯಂಭೂ, ಸಾಹೇಬ, ಎಲ್ಲಾ ನಮ್ಮ ಮನೇಲಿ ಆಗ್ಲೇ ಇವೆ.

ಇನ್ನೊಂದು ದೂರು. ಊರಿಗೆ ಬಂದು ಆನಂದ್ ಸಾಹಿಬ್ ಓದುವಾಗ ಗೊತ್ತಾಯ್ತು, ನಲವತ್ತು ಪದ್ಯದಲ್ಲಿ ಮಧ್ಯದ ಎಂಟೊಂಬತ್ತು ಪದ್ಯ ಇಲ್ಲ, ಅದರ ಬದಲು ಜಾಪ್ ಸಾಹಿಬಿನ ಹದಿನಾರು ಪುಟ ಎರಡನೇ ಸಲ ಹೊಲಿದುಬಿಟ್ಟಿದಾರೆ. ಅಂಗಡಿಗೆ ಫೋನ್ ಮಾಡಿದೆ, ಪಾಪ ಮಾತು ಸೌಜನ್ಯದ್ದೇ, "ಮುಂದಿನ ಸಲ ಬಂದಾಗ ತನ್ನಿ, ಬದಲಾಯಿಸಿ ಕೊಡ್ತೀವಿ" ಅಂದ್ರು. ಬೆಂಗಳೂರಿಂದ ಅಮೃತಸರಕ್ಕೆ ಹದಿನಾರು ಪುಟಕ್ಕೋಸ್ಕರ ಹೋಗೋಕಾಗುತ್ತಾ. ಕೆಟ್ಟ ಪ್ರತಿ ಅಂತ ರದ್ದಿಗೆ ಹಾಕೋ ಹಾಗೂ ಇಲ್ಲ, ಹಳೇ ಬೀಡಗಳಿಗೆ, ಅಂದ್ರೆ ಗುರು ಗ್ರಂಥದ ಹಳೇ ಪ್ರತಿಗಳಿಗೆ, ಪಂಜಾಬಿನ ಗೋಯಿಂದವಾಲಲ್ಲಿ ಮನುಷ್ಯರಿಗೆ ಮಾಡೋ ಹಾಗೆ ಅಗ್ನಿ ಸಂಸ್ಕಾರ ಮಾಡ್ತಾರೆ. ಇಲ್ಲಿ ಒಂದು ಗುರುದ್ವಾರದಲ್ಲಿ ಕೇಳಿದೆ, ಬೇಡ ಅನ್ನಿಸಿದ್ರೆ ತಂದುಕೊಡಿ ಅಂದ್ರು. ಕೊಡೋಕೆ ಮನಸ್ಸು ಬರಲಿಲ್ಲ. ಬಟ್ಟೆ ಸುತ್ತಿ ದೇವರ ಮನೆಯಲ್ಲಿ ಅಮ್ಮನ ಸಹಸ್ರನಾಮದ ಪಕ್ಕ ಮೇಲಿನ ಹಲಗೆ ಮೇಲೆ ಇಟ್ಟಿದೀನಿ. ಅಪ್ಪ ಬಂದವರಿಗೆಲ್ಲ ಹೇಳ್ತಾನೆ, "ನನ್ನ ಗುಟ್ಕಾ ಕಸಕ್ಕೆ ಹೋಯ್ತು, ಮಗನ ಗುಟ್ಕಾ ದೇವರ ಮನೆ ಸೇರ್ತು" ಅಂತ.

ಒಟ್ಟು ಐದಕ್ಕೆ ಮೂರು ಸ್ಟಾರ್. ಮೂಲ ಓದೋಕೆ ಇದು ಧಾರಾಳವಾಗಿ ಸಾಕು, ದೊಡ್ಡ ಅಕ್ಷರ, ಕಮ್ಮಿ ಭೇಟಾ. ತಗೊಳ್ಳೋರು ಬಲಗಡೆ ಪುಟ ನಂಬ್ಕೊಂಡು ಕೂರಬೇಡಿ, ಎಡಗಡೆ ಪುಟವನ್ನೇ ಬಾಯಿಬಿಟ್ಟು ಓದಿ, ಅರ್ಧಕ್ಕರ್ಧ ಹೆಸರು ನಿಮಗೇ ಗೊತ್ತಾಗುತ್ತೆ, ಉಳಿದದ್ದಕ್ಕೆ ಪಕ್ಕದಲ್ಲಿ ಕೂತವರನ್ನ ಕೇಳಿ, ಪರಿಕ್ರಮದಲ್ಲಿ ಬೇಡ ಅನ್ನೋರು ನಂಗಂತೂ ಯಾರೂ ಸಿಗಲಿಲ್ಲ. ಗುರುಮುಖಿ ಕಲಿಯೋಕೆ ಆದ್ರೆ ಕಲೀರಿ, ನಾನು ಈಗ ಕ ಖ ಗ ಘ ವರೆಗೆ ಬಂದಿದೀನಿ, ಘ ಅಕ್ಷರ ಇನ್ನೂ ಸರಿಯಾಗಿ ಬರ್ತಿಲ್ಲ. ಮತ್ತೆ ಅಂಗಡಿಯಲ್ಲೇ, ತಲೆ ಮುಚ್ಚಿ ಕೈ ತೊಳ್ಕೊಂಡ ಮೇಲೆ, ನಾಚ್ಕೊಳ್ದೆ ಪುಟದ ನಂಬರ್ ಒಂದೊಂದಾಗಿ ಎಣಿಸಿ ನೋಡಿ ತಗೊಳ್ಳಿ.